ಪ್ರೌಢಶಾಲೆಯಲ್ಲಿ ಡಿಜಿಟಲ್ ಆಟದ ಪಾಠ: ನಲವತ್ತು ನಿಮಿಷದ ಪೀರಿಯಡ್‌ಗೆ ಹೊಂದಿಸುವುದು ಹೇಗೆ?

ಶನಿವಾರದ ಕೊನೆಯ ಪೀರಿಯಡ್‌ನಲ್ಲಿ "ಪಾಠ ಮುಗೀತು, ಹೋಗಿ ಕಂಪ್ಯೂಟರ್‌ನಲ್ಲಿ ಆಡ್ಕೊಳ್ಳಿ" ಎಂದು ಬಿಟ್ಟ ಆಟದಿಂದ ಮಕ್ಕಳಿಗೆ ಖುಷಿ, ಮೇಷ್ಟ್ರಿಗೆ ಬಿಡುವು. ಅದಕ್ಕಿಂತ ಹೆಚ್ಚು ಏನೂ ಆಗುವುದಿಲ್ಲ. ಆಟ ಕೆಲಸಕ್ಕೆ ಬರುವುದು ಪಾಠದ ನಟ್ಟನಡುವೆ ಕೂತಾಗ: ಮುಂಚೆ ಒಂದು ಪ್ರಶ್ನೆ, ನಡುವೆ ಹೆಚ್ಚೆಂದರೆ ಹದಿನೈದು ನಿಮಿಷ ಆಟ, ಆಮೇಲೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಮಾತು ಮತ್ತು ಬರವಣಿಗೆ. ಈ ಮೂರರಲ್ಲಿ ಸಾಮಾನ್ಯವಾಗಿ ಕತ್ತರಿ ಬೀಳುವುದು ಕೊನೆಯದಕ್ಕೆ. ಕಲಿಕೆ ನಡೆಯುವುದು ಮಾತ್ರ ಅಲ್ಲೇ.

ಇಲ್ಲಿನ ವಿವರಗಳು ಕರ್ನಾಟಕದ ಸಾಮಾನ್ಯ ಪ್ರೌಢಶಾಲೆಯನ್ನು ಕಣ್ಣ ಮುಂದಿಟ್ಟುಕೊಂಡವು: 8ರಿಂದ 10ನೇ ತರಗತಿ, ಕೊಠಡಿಗೆ ನಲವತ್ತು-ನಲವತ್ತೈದು ಮಕ್ಕಳು, ಲ್ಯಾಬ್‌ನಲ್ಲಿ ಹತ್ತರಿಂದ ಹದಿನೈದು ಚಾಲೂ ಇರುವ ಕಂಪ್ಯೂಟರ್, ನೆಚ್ಚಿಕೊಳ್ಳಲಾಗದ ಇಂಟರ್ನೆಟ್, ಯಾವಾಗ ಬೇಕಾದರೂ ಹೋಗುವ ಕರೆಂಟು.

ಮಕ್ಕಳು ಎಡವುವ ಜಾಗ ಮೊದಲು, ಆಟ ಆಮೇಲೆ

"ವಿಜ್ಞಾನಕ್ಕೆ ಒಳ್ಳೆ ಗೇಮ್ ಯಾವುದು?" ಎಂದು ಹುಡುಕಲು ಹೊರಟರೆ ನೂರು ಸಿಗುತ್ತವೆ, ಒಂದೂ ಪಾಠಕ್ಕೆ ಕೂರುವುದಿಲ್ಲ. ಹಿಂದಿನ ವರ್ಷದ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ, ಒಂದು ಅಧ್ಯಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ರೀತಿ ತಪ್ಪು ಮಾಡಿರುವ ಜಾಗ ಹುಡುಕಿ. ಹತ್ತನೇ ತರಗತಿಯ ರಸಾಯನಶಾಸ್ತ್ರದಲ್ಲಿ ಅದು ಸಮೀಕರಣ ಸರಿದೂಗಿಸುವುದು. ಗಣಿತದಲ್ಲಿ ಋಣ ಸಂಖ್ಯೆಯ ವರ್ಗ, ರೇಖೆಯ ಇಳಿಜಾರು. ಕನ್ನಡದಲ್ಲಿ ಆಗಮ ಸಂಧಿ ಮತ್ತು ಆದೇಶ ಸಂಧಿಯ ಗೊಂದಲ. ಸಮಾಜ ವಿಜ್ಞಾನದಲ್ಲಿ ಭೂಪಟ ಗುರುತಿಸುವುದು. ಆ ತಪ್ಪನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಆಟ ಆ ವಾಕ್ಯಕ್ಕೆ ಉತ್ತರವಾಗಬೇಕು.

ಆರಿಸುವಾಗ ಒಂದು ಪರೀಕ್ಷೆ ಸಾಕು: ಆಟದಲ್ಲಿ ಗೆಲ್ಲಲು ವಿಷಯ ಗೊತ್ತಿರಲೇಬೇಕೇ? ಬಾಣ ಬಿಟ್ಟು ಬಲೂನು ಒಡೆದು, ನಡುನಡುವೆ ಒಂದು ಲೆಕ್ಕ ಮಾಡಿಸುವ ಆಟದಲ್ಲಿ ಲೆಕ್ಕ ಎಂಬುದು ಟೋಲ್‌ಗೇಟು. ಮಕ್ಕಳು ಹೇಗೋ ದಾಟಿ ಬಲೂನಿನ ಹತ್ತಿರ ಓಡುತ್ತಾರೆ. ಲೆಕ್ಕವೇ ಆಟದ ಚಲನೆಯಾಗಿದ್ದರೆ ಮಾತ್ರ ಇಟ್ಟುಕೊಳ್ಳಿ.

ಉಚಿತವಾಗಿ ಸಿಗುವ, ಜಾಹೀರಾತಿಲ್ಲದ ಕೆಲವನ್ನು ಧೈರ್ಯವಾಗಿ ಹೇಳಬಹುದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಶಾಖೆಯ ಫೆಟ್ ಸಿಮ್ಯುಲೇಷನ್‌ಗಳು (ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಮಾದರಿಗಳು) ಮೊದಲ ಸಾಲಿನವು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ ಇದು. ಹಲವು ಕನ್ನಡದಲ್ಲೂ ಇವೆ, ಕೆಲವಕ್ಕೆ ಒಳಗೇ 'ಆಟ' ಎಂಬ ಪರದೆ ಇದೆ: ಸಮೀಕರಣ ಸರಿದೂಗಿಸುವುದು, ಪರಮಾಣು ಕಟ್ಟುವುದು, ರೇಖೆಯ ನಕ್ಷೆ ಎಳೆಯುವುದು. ವಿಂಡೋಸ್ ಬದಲು ಉಬುಂಟು ಹಾಕಿದ ಲ್ಯಾಬ್ ಆದರೆ ಲೆಕ್ಕದ ಆಟ ಟಕ್ಸ್‌ಮ್ಯಾತ್, ಭೂಪಟದ ಆಟ ಕೆಜಿಯಾಗ್ರಫಿ ಎರಡನ್ನೂ ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ಟಕ್ಸ್‌ಮ್ಯಾತ್‌ನಲ್ಲಿ ಋಣ ಸಂಖ್ಯೆಗಳ ಹಂತಗಳಿವೆ. ಎಂಟನೇ ತರಗತಿಗೆ ಹೊಸದಾಗಿ ಬಂದು ಕೂಡು-ಕಳೆಯಲ್ಲಿ ಹಿಂದಿರುವವರಿಗೆ ಜೂನ್-ಜುಲೈನಲ್ಲಿ ಒಳ್ಳೆಯದು. ಜಿಕಾಂಪ್ರಿ ಎಂಬ ಆಟಗಳ ಕಟ್ಟು ಪ್ರಾಥಮಿಕದ ಮಕ್ಕಳದ್ದು. ಹದಿನಾಲ್ಕರ ಹುಡುಗರ ಮುಂದೆ ಇಟ್ಟರೆ "ಇದು ಅಂಗನವಾಡಿದು ಸರ್" ಅನ್ನುತ್ತಾರೆ, ಅವರು ಹೇಳುವುದು ಸರಿಯೇ.

ಸಾಮಾನಿನ ಲೆಕ್ಕ

ಹದಿನೈದು ಕಂಪ್ಯೂಟರ್, ನಲವತ್ತೈದು ಮಕ್ಕಳು: ಒಂದಕ್ಕೆ ಮೂವರು. ಇದು ಕೊರತೆಯಂತೆ ಕಂಡರೂ ಒಬ್ಬೊಬ್ಬರೇ ಕೂರುವುದಕ್ಕಿಂತ ವಾಸಿ, ಏಕೆಂದರೆ ಮೂವರು ಮಾತಾಡಲೇಬೇಕಾಗುತ್ತದೆ. ಆದರೆ ಕೆಲಸ ಹಂಚದಿದ್ದರೆ ಒಬ್ಬ ಆಡುತ್ತಾನೆ, ಒಬ್ಬ ನೋಡುತ್ತಾನೆ, ಮೂರನೆಯವರು ಕಿಟಕಿಯಾಚೆ ನೋಡುತ್ತಾರೆ. ಒಬ್ಬರು ಮೌಸ್ ಹಿಡಿಯಲಿ, ಒಬ್ಬರು ಕಾಗದದಲ್ಲಿ ಬರೆಯಲಿ, ಮೂರನೆಯವರು 'ಯಾಕೆ?' ಕೇಳಲಿ. ಕಾಗದದವರು ಹೇಳದೆ ಮೌಸ್ ಹಿಡಿದವರು ಒತ್ತುವಂತಿಲ್ಲ ಎಂಬುದು ನಿಯಮ. ನಾಲ್ಕು-ನಾಲ್ಕೂವರೆ ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟಿ ಕೆಲಸ ಬದಲಿಸಿ. ಹುಡುಗ ಹುಡುಗಿಯರು ಬೆರೆತ ಗುಂಪಿನಲ್ಲಿ ಮೌಸ್ ಹುಡುಗರ ಕೈಗೇ ಹೋಗಿ ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲ ಸರದಿಯಲ್ಲಿ ಮೌಸ್ ಯಾರದ್ದು ಎಂಬುದನ್ನು ನೀವೇ ಪಟ್ಟಿಯಲ್ಲಿ ಬರೆದುಬಿಡಿ.

ನಾಲ್ವರಾದರೆ ಪರದೆ ಕಾಣುವುದಿಲ್ಲ, ಗುಂಪು ಕೆಡುತ್ತದೆ. ಹತ್ತೇ ಕಂಪ್ಯೂಟರ್ ಇದ್ದರೆ ಅರ್ಧ ತರಗತಿಯನ್ನು ಇನ್ನೊಂದು ದಿನ ಕರೆಯಿರಿ. ಒಂದು ಪ್ರೊಜೆಕ್ಟರ್ ಮಾತ್ರ ಇದ್ದರೆ ಇಡೀ ತರಗತಿ ಒಂದೇ ಆಟ ಆಡುತ್ತದೆ: ಬೆಂಚಿಗೊಂದು ಉತ್ತರ ಕಾಗದದಲ್ಲಿ ಬರೆದು ಎತ್ತಿ ಹಿಡಿದ ಮೇಲೆಯೇ ನೀವು ಕ್ಲಿಕ್ ಮಾಡುವುದು. ಶಿಕ್ಷಕರ ಫೋನ್ ಒಂದೇ ಇದ್ದರೂ ದಾರಿ ಇದೆ, ಮುಂದೆ ಬರುತ್ತದೆ.

ಹಿಂದಿನ ದಿನದ ಕೆಲಸ

ಆಟದ ಪಾಠಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ಒಂದು ಸಂಜೆ, ಮುಕ್ಕಾಲು ಗಂಟೆ ಎತ್ತಿಡಿ.

1. ಮನೆಯಲ್ಲೋ ಫೋನ್ ಹಾಟ್‌ಸ್ಪಾಟ್‌ನಲ್ಲೋ ಆಟವನ್ನು ಇಳಿಸಿಕೊಳ್ಳಿ. ಹೊಸ ತಲೆಮಾರಿನ ಫೆಟ್ ಸಿಮ್ಯುಲೇಷನ್ ಎಂದರೆ ಕೆಲವೇ ಎಂಬಿಯ ಒಂದು ಕಡತ. ಎರಡು ಸಲ ಒತ್ತಿದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ, ನೆಟ್ ಬೇಡ.

2. ಪೆನ್‌ಡ್ರೈವ್‌ನಿಂದ ಪ್ರತಿ ಕಂಪ್ಯೂಟರ್‌ನ ಡೆಸ್ಕ್‌ಟಾಪ್‌ಗೆ ನಕಲು ಮಾಡಿ. ಲ್ಯಾಬ್‌ನ ವಿಂಡೋಸ್ ಯಂತ್ರಗಳಿಗೆ ಚುಚ್ಚಿದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ವೈರಸ್ ಅಂಟಿದೆ ಎಂದರ್ಥ. ಪರೀಕ್ಷೆಯ ಕಡತಗಳಿರುವ ನಿಮ್ಮ ಡ್ರೈವ್ ಒಯ್ಯಬೇಡಿ, ಖಾಲಿಯದ್ದನ್ನು ಒಯ್ಯಿರಿ.

3. ಪ್ರತಿ ಯಂತ್ರದಲ್ಲೂ ತೆರೆದು ನೋಡಿ. "ಒಂದರಲ್ಲಿ ಬಂತು, ಎಲ್ಲದರಲ್ಲೂ ಬರುತ್ತೆ" ಎಂದುಕೊಂಡರೆ ಮರುದಿನ ನಾಲ್ಕು ಪರದೆ ಬೆಳ್ಳಗೆ ನಿಂತಿರುತ್ತವೆ. ಕಾರಣ ಹೆಚ್ಚಾಗಿ ಹಳೆಯ ಬ್ರೌಸರ್. ವಿಂಡೋಸ್ 7 ಇರುವ ಯಂತ್ರಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆಯದು. ಅದನ್ನೋ ಫೈರ್‌ಫಾಕ್ಸ್‌ನ 115ರ ದೀರ್ಘಾವಧಿ ಆವೃತ್ತಿಯನ್ನೋ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

4. ಶಾಲೆಯ ಬೀರುವಿನಲ್ಲಿ ಬಹಳ ವರ್ಷದಿಂದ ಇರುವ ಸಿ.ಡಿ. ಆಟಗಳ ಮೇಲೆ ಆಸೆ ಬೇಡ. ಅವುಗಳಲ್ಲಿ ಬಹಳಷ್ಟು ಫ್ಲ್ಯಾಶ್‌ನಲ್ಲಿ ಮಾಡಿದವು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದೆ.

5. ಸದ್ದು ಆಫ್ ಮಾಡಿ. ಹದಿನೈದು ಯಂತ್ರ ಒಟ್ಟಿಗೆ ಟಿಂಗ್ ಅಂದರೆ ಪಕ್ಕದ ತರಗತಿಯವರು ಬಾಗಿಲಿಗೆ ಬರುತ್ತಾರೆ.

6. ಯಾರು ಯಾವ ಯಂತ್ರಕ್ಕೆ ಎಂಬ ಪಟ್ಟಿಯನ್ನು ಲ್ಯಾಬ್ ಬಾಗಿಲಿಗೆ ಅಂಟಿಸಿ. ಚಪ್ಪಲಿ ಬಿಡುವ ಹೊತ್ತಿಗೆ ಮಕ್ಕಳು ಓದಿಕೊಂಡಿರುತ್ತಾರೆ, ಒಳಗೆ ನೂಕುನುಗ್ಗಲಿರುವುದಿಲ್ಲ.

7. ಒಂದು ಎ4 ಹಾಳೆಯನ್ನು ನಾಲ್ಕು ಚೀಟಿ ಮಾಡಿ. ಆಟಕ್ಕೆ ಮುಂಚೆ ಒಂದು, ಪೀರಿಯಡ್‌ನ ಕೊನೆಗೆ ಒಂದು ಚೀಟಿಯಲ್ಲಿ ಮಕ್ಕಳು ಉತ್ತರ ಬರೆಯುತ್ತಾರೆ. ನಲವತ್ತೈದು ಮಕ್ಕಳಿಗೆ ಮುಂಚಿನ ಚೀಟಿ, ಕೊನೆಯ ಚೀಟಿ ಎರಡೂ ಸೇರಿ 23 ಹಾಳೆ.

ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಮೇನ್ಸ್ ಆರಿಸಿ ನೋಡಿಕೊಳ್ಳಿ. ಫೆಟ್ ಆಟದ ಅಂಕ ಎಲ್ಲೂ ಉಳಿಯುವುದಿಲ್ಲ, ಕರೆಂಟು ಹೋದರೆ ಹೋಯಿತು. ಕಾಗದದಲ್ಲಿ ಬರೆಯುವವರನ್ನು ಇಟ್ಟಿರುವುದಕ್ಕೆ ಅದೂ ಒಂದು ಕಾರಣ.

ಒಂದು ಪೀರಿಯಡ್, ನಿಮಿಷ ನಿಮಿಷವಾಗಿ

ಹತ್ತನೇ ತರಗತಿ ವಿಜ್ಞಾನದ ಮೊದಲ ಅಧ್ಯಾಯ, 'ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು'. ಹಿಂದಿನ ಪೀರಿಯಡ್‌ನಲ್ಲಿ ಪ್ರತಿವರ್ತಕ, ಉತ್ಪನ್ನ, ದ್ರವ್ಯರಾಶಿ ಸಂರಕ್ಷಣೆ ಇಷ್ಟೂ ಆಗಿದೆ. ಈಗ ಸರಿದೂಗಿಸುವುದು.

*ಮೊದಲ 5 ನಿಮಿಷ:* ನಡೆದು ಬರುವುದು, ಕೂರುವುದು. ಇದು ಪಾಠದ ಸಮಯದಿಂದಲೇ ಹೋಗುತ್ತದೆ, ಯೋಜನೆಯಲ್ಲಿ ಬರೆದುಕೊಳ್ಳಿ. ಪರದೆಗಳು ಆರಿರಲಿ.

*5ರಿಂದ 10:* ಮುಂಚಿನ ಚೀಟಿ. ಪ್ರಶ್ನೆ ಒಂದೇ: ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣ ಸರಿದೂಗಿಸಿ. ಉತ್ತರ ಹೇಳಬೇಡಿ, ಚೀಟಿ ತೆಗೆದುಕೊಳ್ಳಿ. ಆಕ್ಸಿಜನ್ ಎಡಗಡೆ ಎರಡು, ಬಲಗಡೆ ಒಂದು ಎಂದು ಕಂಡ ಕೂಡಲೇ ಬಹಳ ಮಕ್ಕಳು ನೀರಿನ ಸೂತ್ರದೊಳಗೇ ಕೈ ಹಾಕಿ, ಆಕ್ಸಿಜನ್ನಿನ ಬುಡಕ್ಕೆ 2 ಬರೆಯುತ್ತಾರೆ. ಪರಮಾಣುಗಳ ಲೆಕ್ಕವೇನೋ ಸರಿಹೋಯಿತು, ಆದರೆ ಪಾತ್ರೆಯಲ್ಲಿ ಈಗ ಇರುವುದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಈ ತಪ್ಪು ಎಷ್ಟು ಚೀಟಿಯಲ್ಲಿದೆ ಎಂದು ಮಕ್ಕಳು ಆಡುವಾಗ ಎಣಿಸಿಕೊಳ್ಳಿ.

*10ರಿಂದ 14:* ಫೆಟ್‌ನ ಸಮೀಕರಣ ಸರಿದೂಗಿಸುವ ಸಿಮ್ಯುಲೇಷನ್, ಅದರ 'ಪರಿಚಯ' ಪರದೆ. ಇದರಲ್ಲಿ ಅಮೋನಿಯ ತಯಾರಿಸುವುದು, ನೀರನ್ನು ಬೇರ್ಪಡಿಸುವುದು, ಮೀಥೇನ್ ದಹನ ಎಂಬ ಮೂರು ಕ್ರಿಯೆಗಳಿವೆ. ಮೀಥೇನ್ ಮಾತ್ರ ಮಾಡಿಸಿ. ತಕ್ಕಡಿ ತೋರಿಸುವ ಆಯ್ಕೆ ಹಾಕಿಸಿ. ಎರಡು ಕಡೆಯ ಪರಮಾಣುಗಳು ತಟ್ಟೆಯಲ್ಲಿ ಕೂತು ಓರೆಯಾಗುವುದು ಕಣ್ಣಿಗೆ ಕಾಣುತ್ತದೆ. ಕಾಗದದವರು ಮೊದಲು ಹೀಗೆ ಬರೆಯಬೇಕು: ಕಾರ್ಬನ್ ಎಡ 1, ಬಲ 1. ಹೈಡ್ರೋಜನ್ ಎಡ 4, ಬಲ 2. ಆಕ್ಸಿಜನ್ ಎಡ 2, ಬಲ 3. ಆಮೇಲೆ ಯಾವುದನ್ನು ಮೊದಲು ಮುಟ್ಟುವುದು ಎಂದು ಮೂವರೂ ಮಾತಾಡಲಿ. ಹೈಡ್ರೋಜನ್‌ನಿಂದ ಶುರು ಮಾಡಿ ನೀರಿನ ಮುಂದೆ 2 ಹಾಕಿದರೆ ಬಲಗಡೆ ಆಕ್ಸಿಜನ್ 4 ಆಗುತ್ತದೆ, ಎಡಗಡೆ ಆಕ್ಸಿಜನ್ ಅಣುವಿನ ಮುಂದೆ 2 ಹಾಕಿದರೆ ಮುಗಿಯಿತು. ಆಕ್ಸಿಜನ್‌ನಿಂದ ಶುರು ಮಾಡಿದವರು ಒಂದು ಸುತ್ತು ಹೆಚ್ಚು ಅಲೆಯುತ್ತಾರೆ. ಅಲೆಯಲಿ. 'ಒಂಟಿಯಾಗಿ ನಿಂತ ಧಾತುವನ್ನು ಕೊನೆಗೆ ಮುಟ್ಟು' ಎಂಬ ಉಪಾಯ ಅವರ ಬಾಯಿಂದಲೇ ಬರಬೇಕು.

*14ರಿಂದ 24:* 'ಆಟ' ಪರದೆ, ಹಂತ 1. ಗಡಿಯಾರದ ಚಿಹ್ನೆ ಆಫ್ ಇರಲಿ. ಒಂದು ಹಂತಕ್ಕೆ ಐದು ಸಮೀಕರಣ. ಮೊದಲ ಸಲಕ್ಕೇ ಸರಿಯಾದರೆ 2 ಅಂಕ, ಎರಡನೇ ಸಲಕ್ಕೆ 1. ಇಲ್ಲಿ ಎರಡು ಕಾಯಿಲೆ ಬರುತ್ತವೆ.

ಒಂದು, ಬಾಣದ ಗುಂಡಿ ಒತ್ತಿ ಒತ್ತಿ ನೋಡುವುದು. ಅಂಕಿಗಳು 0ಯಿಂದ ಶುರುವಾಗಿ ಒಂದೊಂದೇ ಏರುತ್ತವೆ, ಹೀಗೆ ತಡಕಾಡಿದರೂ ಹಂತ 1 ಮುಗಿದುಹೋಗುತ್ತದೆ. ಎಣಿಕೆಯ ಪಟ್ಟಿ ಕಾಗದದಲ್ಲಿ ಇಲ್ಲದ ಗುಂಪಿನ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿ. ಎರಡು, "ಸರಿದೂಗಿದೆ, ಆದರೆ ಸರಳವಾಗಿಲ್ಲ" ಎಂಬರ್ಥದ ಉತ್ತರ ಬಂದಾಗ "ಕಂಪ್ಯೂಟರ್ ಕೆಟ್ಟಿದೆ ಮಿಸ್" ಎಂಬ ದೂರು. 1, 3, 2 ಸಾಕಾಗುವ ಕಡೆ 2, 6, 4 ಎಂಬಂತೆ ಹಾಕಿರುತ್ತಾರೆ. ಎಲ್ಲವನ್ನೂ ಭಾಗಿಸುವ ಸಂಖ್ಯೆ ಯಾವುದು ಎಂದಷ್ಟೇ ಕೇಳಿ ಮುಂದೆ ಹೋಗಿ.

ಈ ಹತ್ತು ನಿಮಿಷ ನೀವು ಸುಮ್ಮನೆ ಓಡಾಡಬೇಕು. ಯಾವ ಗುಂಪಿನ ಮೌಸನ್ನೂ ಮುಟ್ಟಬೇಡಿ. ಒಮ್ಮೆ ಮುಟ್ಟಿದರೆ ಆ ಗುಂಪು ಪೀರಿಯಡ್ ಮುಗಿಯುವವರೆಗೂ ನಿಮ್ಮನ್ನೇ ಕರೆಯುತ್ತದೆ.

*24ರಿಂದ 34:* ಮಾನಿಟರ್‌ಗಳು ಆರಬೇಕು. ಯಂತ್ರ ಶಟ್‌ಡೌನ್ ಬೇಡ, ಮಾನಿಟರ್ ಗುಂಡಿ ಒತ್ತಿದರೆ ಸಾಕು. ಪರದೆ ಉರಿಯುತ್ತಿದ್ದರೆ ಯಾರೂ ನಿಮ್ಮ ಕಡೆ ನೋಡುವುದಿಲ್ಲ.

ಈಗ ಪಾಠದ ತಿರುಳು. ಈ ಆಟದಲ್ಲಿ ಸೂತ್ರದ ಮುಂದಿನ ಅಂಕಿಯನ್ನು ಮಾತ್ರ ಬದಲಿಸಬಹುದು, ಸೂತ್ರದ ಬುಡದ ಅಂಕಿಯನ್ನು ಮುಟ್ಟಲು ಬಿಡುವುದೇ ಇಲ್ಲ. ಅಂದರೆ ಚೀಟಿಯಲ್ಲಿ ಕಂಡ ತಪ್ಪನ್ನು ಮಾಡುವ ಅವಕಾಶವೇ ಆಟದಲ್ಲಿಲ್ಲ. ಹತ್ತಕ್ಕೆ ಹತ್ತು ತೆಗೆದ ಗುಂಪು ಕಾಗದಕ್ಕೆ ಬಂದ ಕೂಡಲೇ ಮತ್ತೆ ಸೂತ್ರದೊಳಗೆ ಕೈ ಹಾಕುವುದು ಇದಕ್ಕೇ. ಹಾಗಾಗಿ ಕಪ್ಪುಹಲಗೆಯ ಮೇಲೆ, ಹೆಸರು ಹೇಳದೆ, ಮುಂಚಿನ ಚೀಟಿಯ ಆ ತಪ್ಪು ಉತ್ತರ ಬರೆದು ಕೇಳಿ: "ಎರಡೂ ಕಡೆ ಸರಿಸಮ ಇದೆಯಲ್ಲ, ಆಟ ಇದನ್ನು ಯಾಕೆ ಒಪ್ಪಲಿಲ್ಲ? ಮಾಡೋಕೂ ಬಿಡಲಿಲ್ಲ ಯಾಕೆ?" ಮುಂದಿನ ಅಂಕಿ ಎಷ್ಟು ಅಣು ಎನ್ನುತ್ತದೆ, ಬುಡದ ಅಂಕಿ ಅದು ಯಾವ ವಸ್ತು ಎನ್ನುತ್ತದೆ. ಮೂರು ಇಡ್ಲಿ ಬೇಕೆಂದರೆ ಮೂರು ತಟ್ಟೆಗೆ ಹಾಕಿಕೊಳ್ಳಬೇಕು, ಹಿಟ್ಟಿಗೆ ಇನ್ನಷ್ಟು ಉದ್ದು ಸುರಿದರೆ ಅದು ಇಡ್ಲಿಯಾಗಿ ಉಳಿಯುವುದಿಲ್ಲ. ಈ ಮಾತಿಗೆ ಹತ್ತು ನಿಮಿಷ ಪೂರ್ತಿ ಕೊಡಿ. ಸಮಯ ಸಾಲದಿದ್ದರೆ ಆಟದಿಂದ ಕತ್ತರಿಸಿ, ಇದರಿಂದ ಬೇಡ.

*34ರಿಂದ 40:* ಕೊನೆಯ ಚೀಟಿ, ಒಬ್ಬೊಬ್ಬರೇ, ಮಾತಿಲ್ಲದೆ. ಎರಡು ಪ್ರಶ್ನೆ: ಮೆಗ್ನೀಸಿಯಮ್ ಆಕ್ಸಿಜನ್ ಜೊತೆ ಉರಿದು ಮೆಗ್ನೀಸಿಯಮ್ ಆಕ್ಸೈಡ್ ಆಗುವುದನ್ನು ಸರಿದೂಗಿಸಿ; ಒಬ್ಬ ವಿದ್ಯಾರ್ಥಿ ಆಕ್ಸೈಡ್‌ನ ಸೂತ್ರದಲ್ಲೇ ಆಕ್ಸಿಜನ್‌ಗೆ 2 ಹಾಕಿದ್ದಾನೆ, ಏನು ತಪ್ಪು, ಒಂದು ವಾಕ್ಯದಲ್ಲಿ ಬರೆಯಿರಿ. ಎರಡನೆಯದೇ ಮುಖ್ಯ.

ರಸಪ್ರಶ್ನೆ ಆಟಗಳು: ಕಷ್ಟವಿರುವುದು ತಪ್ಪು ಉತ್ತರ ಬರೆಯುವುದರಲ್ಲಿ

ನಾರ್ವೆಯ ಕಹೂಟ್, ನಮ್ಮ ಬೆಂಗಳೂರಿನಲ್ಲೇ ಮೊಳೆತು 2025ರಲ್ಲಿ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡ ಕ್ವಿಜಿಜ್, ಎರಡೂ ಹೆಚ್ಚಿನ ಶಿಕ್ಷಕರಿಗೆ ಗೊತ್ತು. ಇವುಗಳನ್ನು ಹಾಳುಮಾಡುವುದು ವೇಗ. ಕಹೂಟ್‌ನಲ್ಲಿ ಸರಿಯುತ್ತರಕ್ಕೆ ಗರಿಷ್ಠ 1000 ಅಂಕ, ಸಮಯ ಕಳೆದಂತೆ ಅದು 500ಕ್ಕೆ ಇಳಿಯುತ್ತದೆ. 20 ಸೆಕೆಂಡಿನ ಪ್ರಶ್ನೆಗೆ ಹತ್ತು ಸೆಕೆಂಡ್ ಯೋಚಿಸಿ ಒತ್ತಿದವಳಿಗೆ 750. ಅದೇ ಪ್ರಶ್ನೆಗೆ 120 ಸೆಕೆಂಡ್ ಕೊಟ್ಟರೆ ಹತ್ತು ಸೆಕೆಂಡ್ ಯೋಚಿಸಿದ್ದಕ್ಕೆ ನಲವತ್ತು ಅಂಕದಷ್ಟೇ ಖೋತಾ. ಆದ್ದರಿಂದ ಯೋಚಿಸುವ ಪ್ರಶ್ನೆಗೆ 90 ಅಥವಾ 120 ಸೆಕೆಂಡ್ ಇಡಿ, ಇಲ್ಲವೇ ಆ ಪ್ರಶ್ನೆಗೆ 'ಅಂಕ ಇಲ್ಲ' ಎಂದು ಆರಿಸಿ. 20 ಸೆಕೆಂಡ್ ಸಾಕಾಗುವುದು ಬಾಯಿಪಾಠದ ಪ್ರಶ್ನೆಗೆ ಮಾತ್ರ.

ಕನ್ನಡದಲ್ಲಿ ಪ್ರಶ್ನೆ ಹಾಕುವವರಿಗೆ ಎರಡು ತೊಡಕು. ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಿಸಿದ್ದನ್ನು ತಂದು ಅಂಟಿಸಿದರೆ ಪರದೆಯಲ್ಲಿ ಅರ್ಥವಿಲ್ಲದ ಗೀಚು ಬರುತ್ತದೆ. ಅದು ಯೂನಿಕೋಡ್ ಅಲ್ಲ, ಪರಿವರ್ತಕದಲ್ಲಿ ಬದಲಿಸಿ ಆಮೇಲೆ ಅಂಟಿಸಿ. ಇಲ್ಲವೇ ಫೋನಿನ ಕನ್ನಡ ಕೀಲಿಮಣೆಯಲ್ಲೇ ಬರೆಯಿರಿ. ಇನ್ನೊಂದು, ಕಹೂಟ್ ಪ್ರಶ್ನೆಗೆ 120 ಅಕ್ಷರದ ಮಿತಿ ಇದೆ, ಉತ್ತರಕ್ಕೆ 75. ಕನ್ನಡದಲ್ಲಿ ಒತ್ತು, ಗುಣಿತಗಳೂ ಎಣಿಕೆಗೆ ಬರುತ್ತವೆ: ನಮ್ಮ ಕಣ್ಣಿಗೆ ಎರಡೇ ಅಕ್ಷರದ 'ಕ್ಷೇತ್ರ' ಅಲ್ಲಿ ಏಳು. ಪ್ರಶ್ನೆ ಉದ್ದವಾದರೆ ಚಿತ್ರವಾಗಿ ಹಾಕಿ.

ಈಗ ಪ್ರಶ್ನೆಯ ವಿಷಯ. 'ಮಳೆಗಾಲ' ಯಾವ ಸಂಧಿ? ಲೋಪ, ಆಗಮ, ಆದೇಶ, ಸವರ್ಣದೀರ್ಘ. ಉತ್ತರ ಆದೇಶ: ಮಳೆ ಮತ್ತು ಕಾಲ ಸೇರುವಾಗ ಕಕಾರದ ಜಾಗಕ್ಕೆ ಗಕಾರ ಬಂತು. ಆಗಮ ಒತ್ತಿದ ಮಗುವಿನ ತಲೆಯಲ್ಲಿ "ಗ ಅನ್ನೋದು ಹೊಸದಾಗಿ ಬಂದಿದೆ" ಎಂಬುದಿದೆ. ಕಕಾರ ಹೋದದ್ದನ್ನು ಆ ಮಗು ನೋಡಿಲ್ಲ. ಅದಕ್ಕೆ ಪಕ್ಕದಲ್ಲೇ 'ಗುರುವನ್ನು' ಇಟ್ಟು, ಇಲ್ಲಿ ಏನೂ ಹೋಗದೆ ವಕಾರ ಬಂದಿದೆ ಎಂದು ತೋರಿಸಬೇಕು. ಸವರ್ಣದೀರ್ಘ ಒತ್ತಿದವರು ಊಹೆ ಮಾಡಿದ್ದಾರೆ. ಪ್ರತಿ ತಪ್ಪು ಆಯ್ಕೆಯ ಹಿಂದೆ ಹೀಗೆ ಒಂದು ಕಾರಣ ಇರಬೇಕು. ಗಣಿತದಲ್ಲಿ ಆವರಣವಿಲ್ಲದ −3² ಎಷ್ಟು ಎಂದು ಕೇಳಿ 9, −9, −6, 6 ಕೊಟ್ಟರೆ, 9 ಒತ್ತಿದವರು ಆವರಣ ಇದೆ ಎಂದುಕೊಂಡವರು, −6 ಒತ್ತಿದವರು ಘಾತವನ್ನು ಗುಣಾಕಾರ ಎಂದುಕೊಂಡವರು. ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ.

ಒಂದು ಪೀರಿಯಡ್‌ಗೆ ಇಂಥ ಆರರಿಂದ ಎಂಟು ಪ್ರಶ್ನೆ ಸಾಕು. ಇಪ್ಪತ್ತು ಹಾಕಿದರೆ ಒಂದರ ಬಗ್ಗೆಯೂ ಮಾತಾಡಲು ಹೊತ್ತಿರುವುದಿಲ್ಲ. ಪ್ರತಿ ಪ್ರಶ್ನೆಯಾದ ಮೇಲೆ ಬರುವ, ಯಾವ ಉತ್ತರವನ್ನು ಎಷ್ಟು ಮಂದಿ ಒತ್ತಿದರು ಎಂದು ತೋರಿಸುವ ಸ್ತಂಭ ನಕ್ಷೆಯಲ್ಲಿ ನಿಲ್ಲಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ: ಶೇ. 30ಕ್ಕಿಂತ ಕಡಿಮೆ ಮಂದಿ ಸರಿ ಹೇಳಿದರೆ ಮತ್ತೆ ಪಾಠ ಮಾಡಿ. 30ರಿಂದ 70ರ ನಡುವೆ ಇದ್ದರೆ ಉತ್ತರ ಹೇಳದೆ, ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲು ಬಿಟ್ಟು ಮತ್ತೆ ಕೇಳಿ. 70 ದಾಟಿದ್ದರೆ ಒಂದೇ ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. ಆದರೆ ಕಹೂಟ್ ಸಮಯ ಮುಗಿದ ಕೂಡಲೇ ಸರಿಯುತ್ತರ ತೋರಿಸಿಬಿಡುತ್ತದೆ. ಆದ್ದರಿಂದ ಮೊದಲ ಸುತ್ತನ್ನು ಕೈ ಎತ್ತಿಸಿ ಮಾಡಿ, ವಾದವಾದ ಮೇಲಿನ ಸುತ್ತನ್ನು ಕಹೂಟ್‌ನಲ್ಲಿ ಮಾಡಿ.

ಗೆದ್ದವರ ಪಟ್ಟಿಯಲ್ಲಿ ಪ್ರತಿ ಸಲವೂ ಅದೇ ನಾಲ್ಕು ಹೆಸರು ಬರುತ್ತವೆ. ಕೆಳಗಿನ ಇಪ್ಪತ್ತು ಮಂದಿ ಮೂರನೇ ಪ್ರಶ್ನೆಗೆ ಕೈಬಿಟ್ಟಿರುತ್ತಾರೆ. ಗುಂಪಿನ ಹೆಸರಲ್ಲಿ ಆಡಿಸಿ, ನಡುನಡುವೆ ಪಟ್ಟಿ ತೋರಿಸಬೇಡಿ. ಈ ಅಂಕಗಳನ್ನು ರೂಪಣಾತ್ಮಕ ಮೌಲ್ಯಮಾಪನದ ವಹಿಗೆ ಸೇರಿಸುವುದಂತೂ ಬೇಡವೇ ಬೇಡ. ಸೇರಿಸಿದ ದಿನದಿಂದ ನಕಲು ಶುರು, ತಪ್ಪು ಎಲ್ಲಿದೆ ಎಂದು ತೋರಿಸುವುದು ಬಂದ್.

ಒಂದೇ ಫೋನ್ ಇರುವ ತರಗತಿ

ಮಕ್ಕಳ ಕೈಗೆ ಫೋನ್ ಕೊಡುವಂತಿಲ್ಲ, ಕೊಟ್ಟರೂ ನಿಮ್ಮ ಫೋನಿನ ಹಾಟ್‌ಸ್ಪಾಟ್ ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಇಂಥ ಕಡೆ ಪ್ಲಿಕರ್ಸ್ ಎಂಬ ಆ್ಯಪ್ ಅನುಕೂಲ. ಪ್ರತಿ ಮಗುವಿಗೆ ಒಂದು ಸಂಖ್ಯೆಯ ಕಾರ್ಡು, ನಾಲ್ಕು ಬದಿಗೆ ನಾಲ್ಕು ಉತ್ತರ. ಸರಿ ಎನಿಸಿದ ಬದಿ ಮೇಲೆ ಬರುವಂತೆ ಎತ್ತಿ ಹಿಡಿಯಬೇಕು, ಶಿಕ್ಷಕರು ಫೋನ್ ಕ್ಯಾಮೆರಾವನ್ನು ತರಗತಿಯ ಮೇಲೆ ಹಾಯಿಸಿದರೆ ಯಾರು ಏನು ಹೇಳಿದರು ಎಂಬುದು ಬಂದುಬಿಡುತ್ತದೆ. ಸಾಮಾನ್ಯ ಕಟ್ಟಿನಲ್ಲಿ 40 ಕಾರ್ಡು, ದೊಡ್ಡದರಲ್ಲಿ 63. ಬದಿಯ ಅಕ್ಷರ ಸಣ್ಣದಾಗಿರುವುದರಿಂದ ಪಕ್ಕದವರಿಗೆ ಉತ್ತರ ಕಾಣುವುದಿಲ್ಲ, ಇದರ ದೊಡ್ಡ ಗುಣ ಅದೇ.

ಕೆಡುವುದು ಇಲ್ಲಿ: ಕಾರ್ಡಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಕಿಟಕಿಯ ಬೆಳಕು ಹೊಡೆದು ಕ್ಯಾಮೆರಾ ಓದುವುದಿಲ್ಲ. ಲ್ಯಾಮಿನೇಷನ್ ಬೇಡ, ದಪ್ಪ ರಟ್ಟಿಗೆ ಅಂಟಿಸಿ. ಕಪ್ಪು ಚಿತ್ರದ ಮೇಲೆ ಬೆರಳು ಬಂದರೂ ಓದುವುದಿಲ್ಲ, ಕೆಳ ಅಂಚು ಹಿಡಿಯಲು ಹೇಳಿ. ಫೋನಿಗೆ ಇಂಟರ್ನೆಟ್ ಬೇಕು; ಪ್ರಶ್ನೆಗಳನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ. ಸಿಗ್ನಲ್ಲೇ ಇಲ್ಲದ ಊರಾದರೆ ನಾಲ್ಕು ಬಣ್ಣದ ಕಾಗದದ ತುಂಡು ಕೊಟ್ಟು, ಕಣ್ಣು ಮುಚ್ಚಿ ಎತ್ತಿಸಿದರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಮಕ್ಕಳೇ ಆಟ ಮಾಡುವುದು

ಇದಕ್ಕೆ ನಾಲ್ಕು ಪೀರಿಯಡ್ ಬೇಕು. ಎಂಟು, ಒಂಬತ್ತನೇ ತರಗತಿಯಲ್ಲಿ ಮಾಡಿಸಿ, ಹತ್ತರಲ್ಲಿ ಸಮಯ ಸಿಗುವುದಿಲ್ಲ. ಬಣ್ಣದ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯಲು ಅಮೆರಿಕದ ಎಂ.ಐ.ಟಿ. 2007ರಲ್ಲಿ ಹೊರತಂದ ಸ್ಕ್ರ್ಯಾಚ್‌ನ ಆಫ್‌ಲೈನ್ ಆ್ಯಪ್ ವಿಂಡೋಸ್ 10ರಲ್ಲಿ ಖಾತೆಯಿಲ್ಲದೆ ನಡೆಯುತ್ತದೆ. ಮೊದಲ ಪೀರಿಯಡ್ ಕಾಗದದಲ್ಲಿ: ಗುಂಪಿಗೆ ಐದು ಪ್ರಶ್ನೆ, ಪ್ರತಿಯೊಂದಕ್ಕೂ 'ಈ ತಪ್ಪು ಮಾಡಿದವನು ಏನು ಯೋಚಿಸಿರಬಹುದು' ಎಂಬ ಸಾಲು. ಎರಡನೆಯದರಲ್ಲಿ ಒಂದೇ ಪ್ರಶ್ನೆ ಕೇಳಿ, ಉತ್ತರ ಹೋಲಿಸಿ, ಅಂಕ ಏರಿಸುವ ಬ್ಲಾಕ್‌ಗಳು. ಮೂರನೆಯದರಲ್ಲಿ ಉಳಿದ ನಾಲ್ಕು. ನಾಲ್ಕನೆಯದರಲ್ಲಿ ಗುಂಪುಗಳು ಯಂತ್ರ ಬದಲಿಸಿ ಒಬ್ಬರದ್ದನ್ನು ಇನ್ನೊಬ್ಬರು ಆಡುವುದು. ಮಕ್ಕಳು ಸ್ಕ್ರ್ಯಾಚ್ ತೆರೆದ ಕೂಡಲೇ ಕಾಣುವ ಬೆಕ್ಕಿಗೆ ಬಣ್ಣ ಬಳಿಯುತ್ತಲೇ ಎರಡನೇ ಪೀರಿಯಡ್ ಕಳೆಯುತ್ತಾರೆ. ಬಣ್ಣ, ಸದ್ದು, ಹಿನ್ನೆಲೆ ಚಿತ್ರ ಎಲ್ಲವೂ ಮೂರನೇ ಪೀರಿಯಡ್‌ನ ಕೊನೆಯ ಹತ್ತು ನಿಮಿಷಕ್ಕೆ ಎಂದು ಗೆರೆ ಎಳೆಯಿರಿ. ಅಂಕ 0ಗೆ ಮರಳದಿದ್ದರೆ, ಹಸಿರು ಬಾವುಟದ ಬ್ಲಾಕಿನ ಕೆಳಗೆ ಅಂಕವನ್ನು 0 ಮಾಡುವ ಬ್ಲಾಕು ಇಲ್ಲ ಎಂದರ್ಥ. ಹೆಚ್ಚಿನ ಗುಂಪುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಮಾಹಿತಿ ಮತ್ತು ಮನೆಯವರು

ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಡಿ. ಮೇಲೆ ಹೇಳಿದ ಆಟಗಳಲ್ಲಿ ಯಾವುದಕ್ಕೂ ಮಗುವಿನ ಇಮೇಲ್ ಬೇಕಿಲ್ಲ. ಹೆಸರು ಕೇಳಿದ ಕಡೆ ಹಾಜರಿ ಸಂಖ್ಯೆಯೋ ಹೂವಿನ ಹೆಸರೋ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಾಹಿತಿಯನ್ನೇ ತೆಗೆದುಕೊಳ್ಳದಿದ್ದರೆ ತಲೆನೋವೇ ಇಲ್ಲ.

ಪೋಷಕರ ಸಭೆಯಲ್ಲಿ 'ಗೇಮ್' ಎಂದರೆ ಕೆಲವರಿಗೆ ರಮ್ಮಿಯ ಜಾಹೀರಾತು ಕಣ್ಣ ಮುಂದೆ ಬರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿದೆ, ಆದರೂ ಆ ಭಯ ಸುಳ್ಳಲ್ಲ. ಮಾತಲ್ಲಿ ಸಮಾಧಾನ ಹೇಳುವ ಬದಲು ಪ್ರೊಜೆಕ್ಟರ್ ಹಾಕಿ ಐದು ನಿಮಿಷ ಅವರ ಕೈಯಲ್ಲೇ ಆಡಿಸಿ. ಮನೆಗೆಲಸವಾಗಿ ಆಟ ಕೊಡಬೇಡಿ: ಫೋನ್ ಅಪ್ಪನ ಜೊತೆ ಹೊಲಕ್ಕೋ ಆಟೋ ಸ್ಟ್ಯಾಂಡಿಗೋ ಹೋಗಿರುತ್ತದೆ, ಇರುವ ಮನೆಯಲ್ಲಿ ಬೇರೆ ಆಟ ನಡೆಯುತ್ತದೆ.

ಕಲಿತರೋ ಇಲ್ಲವೋ

ಮುಂಚಿನ ಚೀಟಿ, ಕೊನೆಯ ಚೀಟಿ ಎರಡನ್ನೂ ಹಾಜರಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಆ ಒಂದು ತಪ್ಪು ಇದೆಯೋ ಇಲ್ಲವೋ ಎಂದಷ್ಟೇ ಗುರುತು ಹಾಕಿ. ಹತ್ತು ದಿನ ಬಿಟ್ಟು, ಹೇಳದೆ ಕೇಳದೆ, ಪೀರಿಯಡ್ ಶುರುವಿಗೆ ಐದು ನಿಮಿಷದಲ್ಲಿ ಅದೇ ಬಗೆಯ ಒಂದು ಪ್ರಶ್ನೆ ಬರೆಸಿ. ಕೊನೆಯ ಚೀಟಿಯಲ್ಲಿ ಸರಿ ಇದ್ದು ಹತ್ತು ದಿನದ ಚೀಟಿಯಲ್ಲಿ ಮತ್ತೆ ತಪ್ಪಿದವರು ಕೆಲವರು ಇದ್ದೇ ಇರುತ್ತಾರೆ. ಅವರಿಗೆ ಹೊಸ ಆಟ ಹುಡುಕಲು ಹೋಗಬೇಡಿ. ಅದೇ ಆಟದ ಹಂತ 2ನ್ನು ಊಟದ ಬಿಡುವಿನಲ್ಲಿ ಹತ್ತು ನಿಮಿಷ ಆಡಿಸಿ, ಆಡುತ್ತಿರುವಾಗಲೇ ಎಣಿಕೆಯ ಪಟ್ಟಿಯನ್ನು ಬಾಯಿಬಿಟ್ಟು ಹೇಳಿಸಿ. ಮೂರೂ ಚೀಟಿಯಲ್ಲಿ ತಪ್ಪಿದವರ ಸಮಸ್ಯೆ ಸಮೀಕರಣದ್ದಾಗಿರುವುದಿಲ್ಲ. ಒಂಬತ್ತನೇ ತರಗತಿಯ ಸೂತ್ರ ಬರೆಯುವ ಪಾಠವೇ ಅವರಿಗೆ ದಾಟಿಲ್ಲ. ಅವರನ್ನು ಕೂರಿಸಬೇಕಾದ್ದು ಕಂಪ್ಯೂಟರ್ ಮುಂದೆ ಅಲ್ಲ, ಸಂಯೋಗ ಸಾಮರ್ಥ್ಯದ (ವೇಲೆನ್ಸಿ) ಪಟ್ಟಿ ಮತ್ತು ಸ್ಲೇಟಿನ ಜೊತೆ ನಿಮ್ಮ ಪಕ್ಕದಲ್ಲಿ.